ಬಿಸು ಕಳೆದ ಮೇಲೆ ತೆಗೆಯುವ ಗೇಟು

ಅಂಬಲಮುಗಳ್, ಕೊಚ್ಚಿ
೨೨ ಏಪ್ರಿಲ್ ೨೦೦೮, ಮಂಗಳವಾರ

ಪ್ರೀತಿಯ ಚೈತನ್ಯಾಳ ಅಪ್ಪನಿಗೆ,

ನಮಸ್ಕಾರ. ಹೇಗಿದ್ದೀರಿ? ಬಿಸು ಹಬ್ಬಕ್ಕೆ ಬಂದಾಗ ಇದ್ದ ಕೆಮ್ಮು ಬಿಟ್ಟಿತಾ? ಕಾಳುಮೆಣಸಿನ ಪುಡಿ ಕಟ್ಟಿ ಕೊಟ್ಟಿದ್ದೆ. ಅದು ಬ್ಯಾಗಿನ ಬದಿಯ ಜೇಬಿನಲ್ಲಿ ಕಟ್ಟು ಬಿಚ್ಚದೆ ಹಾಗೆಯೇ ಕೂತಿದೆ ಎಂದು ಇಲ್ಲಿಂದಲೇ ಆಣೆ ಹಾಕಿ ಹೇಳಬಲ್ಲೆ. ದಯವಿಟ್ಟು ಈ ಕಾಗದ ಓದಿ ಮುಗಿಸುವ ಮೊದಲು ಎದ್ದು ಒಂದು ಲೋಟ ಕಷಾಯಕ್ಕೆ ನೀರಿಡಿ, ಹೇಗೂ ಕಾಗದ ಉದ್ದ ಇದೆ. ತಿರುವನಂತಪುರದಲ್ಲಿ, ತಂಪಾನೂರಿನ ಆ ಮೆಸ್ಸಿನಲ್ಲಿ ರಾತ್ರಿ ಪೊರೋಟ ತಿನ್ನುವುದನ್ನು ನಿಲ್ಲಿಸಿದ್ದೇನೆ ಎಂದು ಹೇಳಿದ್ದೀರಿ, ನಂಬಿದ್ದೇನೆ. ಇಲ್ಲಿ ಅತ್ತೆ ಕ್ಷೇಮ. ಬಿ.ಪಿ. ಸರಿಯಾಗಿದೆ, ಬಾಯಿ ಅದಕ್ಕಿಂತ ಸರಿಯಾಗಿದೆ. ನಿನ್ನೆಯ ಸಾಂಬಾರಿಗೆ ಉಪ್ಪು ಕಡಿಮೆ ಎಂದು ಮಲಗಿದಲ್ಲಿಂದಲೇ, ಬರೀ ವಾಸನೆಯಲ್ಲಿ ಹೇಳಿದರು. ಕಡಿಮೆಯೇ ಇತ್ತು. ಚೈತನ್ಯಾಳ ಪ್ಲಸ್ ಟೂ ಪರೀಕ್ಷೆ ಮುಗಿದ ಮೇಲೆ ಅವಳಿಗೆ ಬೆಳಗಾಗುವುದೇ ಒಂಬತ್ತಕ್ಕೆ. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳ ಉತ್ತರ ಒಂದೇ, 'ಅದು ವಿಡ್ ಅಮ್ಮೇ.' ಬಿಟ್ಟುಬಿಡಬೇಕಂತೆ, ಎಲ್ಲವನ್ನೂ.

ಫೋನಿನಲ್ಲಿ ಹೇಳುವುದು ಬಿಟ್ಟು ಇದೆಂಥ ಕಾಗದ ಎಂದು ನಿಮಗೆ ಅನ್ನಿಸಬಹುದು. ಮನೆಯ ಫೋನು ಇರುವುದು ಅತ್ತೆಯ ಮಂಚದ ತಲೆದೆಸೆಯಲ್ಲಿ. ನಿಮ್ಮ ಮೊಬೈಲಿಗೆ ಮಾಡಿದರೆ 'ಮೀಟಿಂಗಿನಲ್ಲಿದ್ದೇನೆ, ಚುರುಕಾಗಿ ಹೇಳು' ಎನ್ನುತ್ತೀರಿ. ಜೇನಿನ ವಿಷಯ ಚುರುಕಾಗಿ ಹೇಳಲಿಕ್ಕೆ ಬರುವುದಿಲ್ಲ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದೊಂದು ಸುಖ. ಇನ್ನು, ನಿಮ್ಮ ಹಾಸ್ಟೆಲಿನ ಕಾಲದಿಂದ ನಡೆದು ಬಂದ ಕ್ರಮವನ್ನು ನಾನು ತಪ್ಪಿಸಿಲ್ಲ. ಮಗನಿಗೆ ಹೋಗುವ ಕಾಗದವನ್ನು ಅತ್ತೆಗೆ ಓದಿ ಹೇಳದೆ, ಕೊನೆಗೆ ಅವರ ಕೈಯಲ್ಲಿ ಒಂದು ಸಾಲು ಆಶೀರ್ವಾದ ಬರೆಸದೆ ಲಕೋಟೆ ಅಂಟಿಸುವ ಹಾಗಿಲ್ಲವಲ್ಲ. ಸಂಜೆ ಕಾಫಿ ಆದ ಮೇಲೆ ಓದುತ್ತೇನೆ.

ಈಗ ವಿಷಯ. ನಮ್ಮ ಜೇನುಪೆಟ್ಟಿಗೆ ಸಾಯುತ್ತಾ ಇದೆ. ಯಾಕೆ ಎಂದು ಹೇಳಬೇಕಾದರೆ ಮೊದಲಿನಿಂದ ಶುರುಮಾಡಬೇಕು. ನಿಮಗೆ ಗೊತ್ತಿರುವುದೇ ಹೌದು, ಆದರೆ ನೀವು ಯಾವತ್ತೂ ಪೂರ್ತಿ ಕೇಳಿಸಿಕೊಂಡವರಲ್ಲ. ಬದಿಯಡ್ಕದಿಂದ ನನ್ನ ಅಪ್ಪ ಈ ಪೆಟ್ಟಿಗೆ ಕೊಟ್ಟು ಕಳಿಸುವಾಗ ಅದರ ಜೊತೆಗೆ ಒಂದು ತಗಡಿನ ತುಂಡೂ ಕೊಟ್ಟಿದ್ದರು, ಉದ್ದಕ್ಕೆ ಸಣ್ಣ ಸಂದು ಕೊರೆದದ್ದು. ಅದೇ ರಾಣಿ ಗೇಟು. ಪೆಟ್ಟಿಗೆಯ ಬಾಯಿಗೆ ಅದನ್ನು ಕೂರಿಸಿದರೆ ಕೆಲಸದ ನೊಣಗಳು ಸಂದಿನಲ್ಲಿ ನುಸುಳಿ ಹೋಗಿ ಬಂದು ಮಾಡುತ್ತವೆ, ಮೈ ದಪ್ಪದ ರಾಣಿ ಮಾತ್ರ ಹೊರಗೆ ಹೋಗಲಾರಳು. ರಾಣಿ ಹೋಗದಿದ್ದರೆ ಕುಟುಂಬವೂ ಹೋಗುವುದಿಲ್ಲ. ಜೇನು ಬರುವ ಕಾಲದಲ್ಲಿ ಅವು ಪಾಲಾಗಿ ಹಾರಿಹೋಗಬಾರದು, ಸೆಕೆ ತಡೆಯಲಾರದೆ ಪರಾರಿ ಆಗಬಾರದು, ಅದಕ್ಕೆ ಈ ಗೇಟು. ಫೆಬ್ರವರಿ ನಡುವೆ ಕುಂಭ ತಿಂಗಳು ಹುಟ್ಟಿದಾಗ ಹಾಕು, ಏಪ್ರಿಲಿನಲ್ಲಿ ಬಿಸು ಕಣಿ ನೋಡಿದ ಮೇಲೆ ತೆಗೆ, ಇದು ಅಪ್ಪನ ಲೆಕ್ಕ. ಅವರು ಇರುವಷ್ಟು ವರ್ಷವೂ ಆ ಲೆಕ್ಕ ತಪ್ಪಿದ್ದಿಲ್ಲ. ಅವರು ಹೋದ ಮೇಲೂ ಅದನ್ನು ತಪ್ಪಿಸಬೇಕೆಂದು ನನಗೆ ಅನ್ನಿಸಿರಲಿಲ್ಲ.

ಆದರೆ ಅಪ್ಪನ ಲೆಕ್ಕದ ಸೆಕೆಯೇ ಬೇರೆ, ಈಗ ಬೀಳುತ್ತಿರುವ ಸೆಕೆಯೇ ಬೇರೆ. ಅಲ್ಲಿ ಹಟ್ಟಿಯ ಹಿಂದೆ ಹಲಸಿನ ನೆರಳು. ಇಲ್ಲಿ ನಮ್ಮದು ತಾರಸಿ, ಕಾಲಿಟ್ಟರೆ ಸುಡುವ ಸಿಮೆಂಟು. ಕುಂಭದಲ್ಲೇ ಒಂದು ಮಧ್ಯಾಹ್ನ ಹತ್ತಿ ನೋಡಿದರೆ ನೊಣಗಳೆಲ್ಲ ಪೆಟ್ಟಿಗೆಯ ಹೊರಗೆ ಗಡ್ಡದ ಹಾಗೆ ಜೋತುಬಿದ್ದಿದ್ದವು. ಒಳಗೆ ಮೇಣದ ಗೂಡು, ಆ ಎರಿಗಳೆಲ್ಲ ಕರಗಿ ಬೀಳುತ್ತವೆಂದು ಹೆದರಿದೆ. ಅವತ್ತೇ ಪೆಟ್ಟಿಗೆಯನ್ನು ನೀರಿನ ಟ್ಯಾಂಕಿಯ ಅಡಿಗೆ ಸರಿಸಿದೆ. ಮೇಲೆ ತೆಂಗಿನ ಗರಿಯ ಮಡಲು ಹೊದೆಸಿ, ಅದರ ಮೇಲೆ ಗೋಣಿ ಹಾಕಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿದೆ. ಅಗಲ ಬಟ್ಟಲಲ್ಲಿ ನೀರಿಟ್ಟು, ಅವು ಕೂತು ಕುಡಿಯಲಿಕ್ಕೆ ತೆಂಗಿನ ಸಿಪ್ಪೆ ತೇಲಿಬಿಟ್ಟೆ. ಕೆಳಗಿನ ಮಹಡಿಯ ಮೇರಿ ಚೇಚಿ ಒಣಹಾಕಿದ ಬಿಳಿ ಸೀರೆಯ ಮೇಲೆ ನೊಣಗಳು ಹಳದಿ ಚುಕ್ಕೆ ಇಟ್ಟವೆಂದು ಬೈದುಕೊಂಡೇ ಹತ್ತಿ ಬಂದವರು, ಆ ಬಟ್ಟಲು ನೋಡಿದ ಮೇಲೆ ತಾವೇ ದಿನವೂ ನೀರು ತುಂಬಿಸಿಡುತ್ತಾರೆ. ಬೈಗುಳ ನಿಂತಿಲ್ಲ, ಅದು ಬೇರೆ ಮಾತು. ಸಂಜೆ ಟ್ಯಾಂಕಿಯ ಬದಿಯಲ್ಲಿ ನಿಂತರೆ ಎಣ್ಣೆ ಶುದ್ಧೀಕರಿಸುವ ಕಂಪನಿಯ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ ಕಾಣುತ್ತದೆ. ನೋಡುತ್ತಾ ನಿಂತರೆ ಇನ್ನೂ ಸೆಕೆ ಆಗುತ್ತದೆ, ಹಾಗಾಗಿ ನಾನು ಅತ್ತ ಬೆನ್ನು ಹಾಕಿ ನಿಲ್ಲುತ್ತೇನೆ.

ಇಷ್ಟೆಲ್ಲ ಮಾಡಿ ಸೆಕೆಯನ್ನು ಹೇಗೋ ದಾಟಿಸಿದೆ ಎನ್ನುವಾಗ ಮೀನ ತಿಂಗಳಲ್ಲಿ, ಮಾರ್ಚಿನಲ್ಲೇ, ಆಷಾಢದ ಆಟಿ ಮಳೆ ಹೊಡೆಯಿತು. ನಿಮಗೆ ನೆನಪಿರಬೇಕು, ನಿಮ್ಮ ಸೆಕ್ರೆಟೇರಿಯೇಟಿನ ಎದುರು ಮೊಣಕಾಲವರೆಗೆ ನೀರು ನಿಂತಿತ್ತೆಂದು ನೀವೇ ಹೇಳಿದ್ದಿರಿ. ಗುಡ್ಡದಾಚೆಯ ರಬ್ಬರು ತೋಟಗಳಲ್ಲಿ ಎಳೆ ಚಿಗುರಿನ ಬುಡದಲ್ಲಿ ಜೇನು ಒಸರುವ ಸಮಯ ಅದು, ಅಷ್ಟೂ ತೊಳೆದುಹೋಯಿತು. ನೊಣಗಳು ಹೊರಗೆ ಹೋಗಲಾರದೆ, ಕೂಡಿಟ್ಟದ್ದನ್ನೇ ತಿಂದವು. ಜೇನು ತೆಗೆಯಬೇಕಾದ ತಿಂಗಳಲ್ಲಿ ನಾನು ಸಕ್ಕರೆ ಪಾಕ ಕಾಯಿಸಿ ಇಡುತ್ತಿದ್ದೆ. ಅಪ್ಪ ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮುಚ್ಚಳವನ್ನು ಇಷ್ಟೇ ಎತ್ತಿ ಪಾಕದ ಬಟ್ಟಲು ಇಡುವುದು, ಮುಚ್ಚುವುದು. ಮಳೆಯಲ್ಲಿ ಪೆಟ್ಟಿಗೆ ಪೂರ್ತಿ ಬಿಚ್ಚಬಾರದು, ಮರಿಗಳಿಗೆ ಥಂಡಿ ಹಿಡಿಯುತ್ತದೆ. ಹಾಗಾಗಿ ಒಳಗೆ ಏನು ನಡೆಯುತ್ತಿದೆ ಎಂದು ನಾನು ನೋಡಲಿಲ್ಲ. ನೋಡಬೇಕು ಎಂದು ಹೊಳೆಯಲೂ ಇಲ್ಲ. ಗೇಟಿಗೆ ಅದರದ್ದೇ ದಿನ ಇದೆಯಲ್ಲ, ಬಿಸುವಿಗೆ ತೆಗೆದರಾಯಿತು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ದೇವರ ಮುಂದಿಟ್ಟ ಕಣಿ ನೋಡಿ, ಅತ್ತೆಯ ಕಾಲು ಹಿಡಿದು, ನಾವಿಬ್ಬರೂ ತಾರಸಿಗೆ ಹತ್ತಿದ್ದು ನೆನಪಿದೆಯಾ? ಗೇಟು ಬಿಚ್ಚಿ ನಿಮ್ಮ ಕೈಗೆ ಕೊಟ್ಟಾಗ 'ಸರಿ, ಇನ್ನು ರಾಣಿಯವರಿಗೆ ರಜೆ' ಎಂದು ತಮಾಷೆ ಮಾಡಿದ್ದಿರಿ. ನಾನೂ ನಕ್ಕೆ. ಮೊನ್ನೆ ಭಾನುವಾರ ಬಿಸಿಲು ಹದವಾಗಿತ್ತು, ಮರಿಗಳಿರುವ ಸಂಸಾರ ಕೋಣೆಯನ್ನು ಬಿಚ್ಚಿ ಒಂದೊಂದೇ ಎರಿ ಎತ್ತಿ ನೋಡಿದೆ. ಎಲ್ಲಾ ಗಂಡು ಮರಿ. ಕೆಲಸದ ನೊಣದ ಮರಿ ಇರುವ ಕೋಣೆಯ ಮುಚ್ಚಳ ಸಪಾಟಾಗಿರುತ್ತದೆ, ಗಂಡಿನದ್ದು ಉಬ್ಬಿ ತುದಿಯಲ್ಲಿ ಸಣ್ಣ ತೂತು ಇರುತ್ತದೆ. ಎರಿಯ ತುಂಬ ಆ ಉಬ್ಬುಗಳೇ. ಒಂದು ಎರಿಯ ಅಡಿಯಲ್ಲಿ ಹಳೆಯ ರಾಣಿಕೋಶದ ತೊಟ್ಟು, ಯಾವತ್ತೋ ತುದಿ ಬಿಚ್ಚಿಕೊಂಡದ್ದು, ಒಣಗಿ ಕೂತಿತ್ತು. ಆಗ ಎಲ್ಲ ಅರ್ಥವಾಯಿತು. ಮೀನದ ಮಳೆಗೆ ಅವು ವರ್ಷ ತಿರುಗಿತೆಂದೇ ತಿಳಿದು, ಮುದಿ ರಾಣಿಯನ್ನು ಬಿಟ್ಟು ಹೊಸ ರಾಣಿಯನ್ನು ಮಾಡಿಕೊಂಡಿವೆ. ಹೊಸ ರಾಣಿ ಹುಟ್ಟಿದ ಮೊದಲ ವಾರಗಳಲ್ಲಿ ಒಮ್ಮೆ ಹೊರಗೆ ಹಾರಿ, ಆಕಾಶದಲ್ಲಿ ಗಂಡುಗಳನ್ನು ಕೂಡಿ ಬರಬೇಕು. ಆ ಒಂದು ಹಾರಾಟದ ಮೇಲೆ ಅವಳ ಇಡೀ ಬದುಕು ನಿಂತಿರುತ್ತದೆ. ಇವಳು ಬಾಗಿಲವರೆಗೆ ಬಂದಿರಬೇಕು, ತಗಡಿಗೆ ತಲೆ ಕೊಟ್ಟು ನೋಡಿರಬೇಕು, ತಿರುಗಿ ಹೋಗಿರಬೇಕು. ಎಷ್ಟು ಸಲವೋ. ನಾನು ಅದೇ ಬಾಗಿಲಿನ ಎದುರು ನಿಂತು ಪಾಕದ ಬಟ್ಟಲು ಇಡುತ್ತಿದ್ದೆ. ಬಿಸುವಿನ ದಿನ ನಾವು ಗೇಟು ತೆಗೆಯುವ ಹೊತ್ತಿಗೆ ಅವಳ ಕಾಲ ಮೀರಿತ್ತು. ಕೂಡದ ರಾಣಿ ಗಂಡು ಮೊಟ್ಟೆ ಮಾತ್ರ ಇಡುತ್ತಾಳೆ. ಗಂಡುಗಳು ಹೂವಿಗೆ ಹೋಗುವುದಿಲ್ಲ, ಮರಿ ಸಾಕುವುದಿಲ್ಲ, ತಯಾರಾದದ್ದನ್ನು ತಿಂದು ಕೂರುತ್ತವೆ. (ನಿಮ್ಮನ್ನು ಹೇಳಿದ್ದಲ್ಲ.) ಇದ್ದ ಕೆಲಸದ ನೊಣಗಳು ಸವೆದು ಸಾಯುತ್ತಾ ಬಂದಿವೆ. ಮೇ ಮುಗಿಯುವುದರೊಳಗೆ ಪೆಟ್ಟಿಗೆ ಖಾಲಿ. ನನಗೆ ತಾರಸಿಯಲ್ಲೇ ಕೂತು ಅಳು ಬಂತು. ಅತ್ತೆ ಎರಡು ಸಲ ಕರೆದದ್ದೂ ಕೇಳಿಸಲಿಲ್ಲ.

ಉಳಿಸಲಿಕ್ಕೆ ದಾರಿ ಒಂದೇ, ಅದು ನಿಮ್ಮ ಕೈಯಲ್ಲಿದೆ. ಹೋದ ನವೆಂಬರಿನಲ್ಲಿ, ವೃಶ್ಚಿಕದಲ್ಲಿ, ಈ ಕುಟುಂಬವನ್ನೇ ಪಾಲು ಮಾಡಿ ಕೊಟ್ಟ ಅರ್ಧವನ್ನು ನೀವು ಕೊಂಡುಹೋಗಿ ಕ್ವಾರ್ಟರ್ಸಿನ ಅಂಗಳದಲ್ಲಿ ಇಟ್ಟಿದ್ದೀರಲ್ಲ, ಅದಕ್ಕೂ ಒಂದು ಗೇಟು ಕೊಟ್ಟಿದ್ದೆ. ಕುಂಭದಲ್ಲಿ ಹಾಕಿ ಎಂದು ಫೋನಿನಲ್ಲಿ ಎಷ್ಟು ಸಲ ನೆನಪಿಸಿದ್ದೆ! ನೀವು 'ಹಾಕಿದೆ, ಹಾಕಿದೆ' ಎಂದಿರಿ. ಬಿಸುವಿಗೆ ಬಂದಾಗ ನಿಜ ಬಾಯಿಬಿಟ್ಟಿರಿ, ಅದು ಇವತ್ತಿಗೂ ನಿಮ್ಮ ಮೇಜಿನ ಡ್ರಾಯರಿನಲ್ಲಿ ಹಳೆಯ ಗೆಜೆಟಿನ ಅಡಿಯಲ್ಲಿದೆ ಎಂದು. ನಿಮ್ಮ ಸೋಮಾರಿತನ ಆ ಕುಟುಂಬವನ್ನು ಉಳಿಸಿತು ಮಾರಾಯ್ರೆ. ಅವು ಕಾಲಿಗೆ ಹಳದಿ ಹೂಹುಡಿ ಮೆತ್ತಿಕೊಂಡು ಬರುತ್ತಿವೆ ಎಂದು ನೀವೇ ಹೇಳಿದ್ದೀರಿ, ಅಂದರೆ ಒಳಗೆ ರಾಣಿ ಚೆನ್ನಾಗಿದ್ದಾಳೆ, ಮರಿಗಳಿವೆ. ಶುಕ್ರವಾರ ಸಂಜೆ ಹೊರಡುವ ಮೊದಲು ಅದರಿಂದ ಒಂದು ಎರಿ ತೆಗೆದು ತನ್ನಿ. ಸುಮ್ಮನೆ ಯಾವುದಾದರೊಂದು ಎರಿ ಅಲ್ಲ. ಕನ್ನಡಕ ಹಾಕಿಕೊಂಡು, ಬೆನ್ನಿಗೆ ಬಿಸಿಲು ಬೀಳುವ ಹಾಗೆ ನಿಂತು ನೋಡಿ. ಕೋಣೆಯ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಮೊಟ್ಟೆ ನೆಟ್ಟಗೆ ನಿಂತಿರಬೇಕು. ಅದರ ಮೇಲೆ ರಾಣಿ ಇಲ್ಲವೆಂದು ಎರಡು ಸಲ ನೋಡಿ. ಕೂತ ನೊಣಗಳ ಸಮೇತ ಆ ಸಣ್ಣ ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟು, ಬಾಯಿಗೆ ಬಲೆ ಕಟ್ಟಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಮೇಲಿನ ಹಲಗೆಯಲ್ಲಿ ಬೇಡ, ಪಕ್ಕದವರು ಕೇಳಿದರೆ ಹಲಸಿನ ಹಪ್ಪಳ ಎನ್ನಿ. ನಾನು ಇಲ್ಲಿ ಈ ನತದೃಷ್ಟೆ ರಾಣಿಯನ್ನು ತೆಗೆದು ಆ ಎರಿ ಕೊಟ್ಟರೆ, ಅವು ಆ ಮೊಟ್ಟೆಯಿಂದ ಹೊಸ ರಾಣಿ ಮಾಡಿಕೊಳ್ಳುತ್ತವೆ. ಈ ಸಲ ಬಾಗಿಲಿಗೆ ಏನನ್ನೂ ಹಾಕುವುದಿಲ್ಲ. ಇನ್ನು ಮೇಲೆ ಬಿಸು ಅಲ್ಲ, ಪೆಟ್ಟಿಗೆ ಬಿಚ್ಚಿ ನೋಡಿ ತೀರ್ಮಾನ. ಮಳೆ ಬಿಸಿಲಿಗೇ ಪಂಚಾಂಗ ಮರೆತುಹೋದ ಮೇಲೆ ನಾನೊಬ್ಬಳು ಹಿಡಿದುಕೊಂಡು ಕೂತರೆ ಏನು ಬಂತು?

ಈ ಹಾಳೆ ಬೇರೆ ಇಟ್ಟಿದ್ದೇನೆ. ಇದನ್ನು ಅತ್ತೆಗೆ ಓದಿ ಹೇಳುವುದಿಲ್ಲ. ನನಗೆ ಉಸಿರು ಕಟ್ಟುತ್ತದೆ. ಇದಕ್ಕಿಂತ ಚಂದ ಮಾಡಿ ಹೇಳಲಿಕ್ಕೆ ನನಗೆ ಬರುವುದಿಲ್ಲ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಹೋದ ವರ್ಷದ ಶಿವರಾತ್ರಿಯ ಹೊತ್ತಿಗೆ. ಆಸ್ಪತ್ರೆಯಿಂದ ಬಂದು ಈ ಮೂರನೆಯ ಮಹಡಿಗೆ ಹತ್ತಿಸಿದ ಮೇಲೆ ಅವರೂ ಇಳಿದಿಲ್ಲ, ನಾನೂ ಇಳಿದದ್ದು ಲೆಕ್ಕಕ್ಕಿಲ್ಲ. ಲಿಫ್ಟ್ ಇಲ್ಲದ ಮನೆ ಅಗ್ಗಕ್ಕೆ ಸಿಕ್ಕಿತೆಂದು ನಾವು ಅವತ್ತು ಎಷ್ಟು ಬೀಗಿದ್ದೆವು! ತರಕಾರಿಗೆ ಹೋದರೆ ಚೀಲ ತುಂಬಿಸುವಷ್ಟರಲ್ಲೇ ನನಗೆ ಗಾಬರಿ. ಅವರಿಗೆ ಮೂತ್ರಕ್ಕೆ ಆಗಿರಬಹುದಾ, ಮಗುಚಲಿಕ್ಕೆ ಹೋಗಿ ಮಂಚದಿಂದ ಜಾರಿರಬಹುದಾ ಎಂದು. ಓಡಿ ಹತ್ತಿ ಬಂದು ಗ್ರಿಲ್ಲಿನ ಬೀಗ ತೆಗೆದರೆ, ಅವರು ಫ್ಯಾನು ನೋಡಿಕೊಂಡು ಮಲಗಿರುತ್ತಾರೆ. ಅವರ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಅದಕ್ಕೆ ಬಣ್ಣವೂ ಹೊಡೆದಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ನೋಡಿ ನಮಗಿಬ್ಬರಿಗೂ ಸಾಕಾಗಿದೆ. ಹೋದ ವಾರ ಅವರು ಹಾಲು ಬಿಸಿ ಇಲ್ಲವೆಂದು ಲೋಟ ತಳ್ಳಿದಾಗ ನಾನು ಕಿರುಚಿದೆ. ಆಮೇಲೆ ತಾರಸಿಗೆ ಹೋಗಿ ನಿಂತೆ. ನನಗೆ ಹೊರಗೆ ಎಂದು ಇರುವುದು ಆ ತಾರಸಿ ಒಂದೇ, ಅಲ್ಲಿ ಆ ಪೆಟ್ಟಿಗೆ ಒಂದೇ. ಅದೂ ಹೋದರೆ ನಾನು ಯಾವ ನೆಪ ಹೇಳಿ ಮೇಲೆ ಹತ್ತಲಿ?

ಒಂದು ವರ್ಷದ ಮಟ್ಟಿಗೆ ಎಂದು ಇಲ್ಲಿಯ ಹೈಕೋರ್ಟಿನ ಕೆಲಸದಿಂದ ತಿರುವನಂತಪುರಕ್ಕೆ ಹೋದವರು ನೀವು. ಮೂರನೆಯ ವರ್ಷ ನಡೆಯುತ್ತಿದೆ. ಸರಕಾರದ ಕಾಯಿದೆಗಳನ್ನೆಲ್ಲ ನಮ್ಮೂರ ಕಡೆಯ ಕನ್ನಡಿಗರಿಗಾಗಿ ಕನ್ನಡ ಮಾಡುತ್ತೀರಿ, ನನ್ನ ಒಂದು ಮಾತು ಮಾತ್ರ ನಿಮಗೆ ಯಾವ ಭಾಷೆಯಲ್ಲಿ ಹೇಳಿದರೂ ಹೋಗಿ ತಲುಪುವುದಿಲ್ಲ. ಕ್ವಾರ್ಟರ್ಸು ನೆಲದ ಮನೆ, ಎದುರಿಗೆ ಅಂಗಳ, ಹಲಸಿನ ಮರ, ನಾವೂ ಅಲ್ಲಿಗೆ ಬರುತ್ತೇವೆ ಎಂದರೆ ಒಮ್ಮೆ ಸೂರು ಸೋರುತ್ತದೆ, ಒಮ್ಮೆ ಚೈತನ್ಯಾಳ ಪರೀಕ್ಷೆ, ಕೊನೆಗೆ ಯಾವಾಗಲೂ ಅದೇ, 'ಅಮ್ಮನನ್ನು ಅಲ್ಲಾಡಿಸುವ ಹಾಗಿಲ್ಲ, ಬಿಸು ಕಳೆಯಲಿ, ನೋಡುವಾ.' ಬಿಸು ಕಳೆಯಿತು. ನೀವು ಕೆಮ್ಮುತ್ತಾ ರೈಲು ಹತ್ತಿದಿರಿ. ಜೇನಿಗಾದರೂ ನಿಜವಾಗಿ ಒಳ್ಳೆಯದು ಏನೆಂದರೆ ಈ ಪೆಟ್ಟಿಗೆಯನ್ನೇ ಎತ್ತಿ ಅಲ್ಲಿಯ ನೆರಳಿಗೆ ತರುವುದು. ಮುಂದಿನ ವರ್ಷದ ಸೆಕೆಯನ್ನು ಈ ಸಿಮೆಂಟಿನ ಮೇಲೆ ಅವು ತಡೆಯಲಾರವು, ಗೋಣಿಗೆ ನೀರು ಚಿಮುಕಿಸಿ ನಾನು ಎಷ್ಟು ದಿನ ಕಾಯಲಿ? ಆದರೆ ಪೆಟ್ಟಿಗೆಯ ಜೊತೆ ಬರುವವರು ಯಾರು? ಅತ್ತೆಯನ್ನು ಬಿಟ್ಟು ನಾನು ಬರುವ ಹಾಗಿಲ್ಲ, ಕರೆದುಕೊಂಡು ಬರುವ ಹಾಗೂ ಇಲ್ಲ. ಅದಕ್ಕೇ ಎರಿಯನ್ನೇ ಇಲ್ಲಿಗೆ ತನ್ನಿ ಎನ್ನುವುದು. ಬರೆದು ಮನಸ್ಸು ಸ್ವಲ್ಪ ಹಗುರಾಯಿತು. ಸಿಟ್ಟು ಮಾಡಬೇಡಿ. ಮಾಡಿದರೂ ಎರಿ ತನ್ನಿ.

ಅಲ್ಲಿ ಪಕ್ಕದ ಮನೆಯ ನಟರಾಜನ ಹೆಂಡತಿಗೆ ಹೆರಿಗೆ ಆಯಿತಾ? ಕೇಳಿದೆನೆಂದು ಹೇಳಿ. ಚೈತನ್ಯಾ ನಿಮಗೊಂದು ಮುತ್ತು ಕೊಟ್ಟಿದ್ದಾಳೆ, ಅದರ ಹಿಂದೆಯೇ ಹೊಸ ಮೊಬೈಲಿನ ಮಾತೂ ಇದೆ, ನೀವೇ ಸುಧಾರಿಸಿಕೊಳ್ಳಿ. ಮೈ ಕಡೆ ನೋಡಿಕೊಳ್ಳಿ. ಕಷಾಯಕ್ಕಿಟ್ಟ ನೀರು ಇಷ್ಟು ಹೊತ್ತಿಗೆ ಬತ್ತಿರುತ್ತದೆ, ಎದ್ದು ನೋಡಿ.

ಶುಕ್ರವಾರದ ದಾರಿ ಕಾಯುತ್ತಾ,
ನಿಮ್ಮ
ಮಂದಾಕಿನಿ

ಮರೆತ ಮಾತು: ಬುಧವಾರ ಬೆಳಿಗ್ಗೆ, ಅವಸರದಲ್ಲಿ. ಎರಿ ತರಬೇಡಿ. ಶುಕ್ರವಾರ ರೈಲು ಹತ್ತಲೇಬೇಡಿ. ನಿನ್ನೆ ಸಂಜೆ ಅತ್ತೆಗೆ ಕಾಗದ ಓದಿದೆ, ಆ ಹಾಳೆಯನ್ನು ಹಾರಿಸಿ. ಮುಗಿದ ಮೇಲೆ ಪೆನ್ನು ಕೊಟ್ಟರೆ ಮುಟ್ಟಲಿಲ್ಲ. ನಾನು ಎರಡು ಹಾಳೆ ಒಟ್ಟಿಗೇ ಮಗುಚಿಟ್ಟದ್ದು ಅವರ ಕಣ್ಣಿಗೆ ಬಿದ್ದಿತ್ತು. 'ಎರಡು ಹಾಳೆ ಒಟ್ಟಿಂಗೆ ಮಡುಗಿದೆನ್ನೆ. ಅದನ್ನೂ ಓದು' ಎಂದರು. ಇಲ್ಲವೆಂದು ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ, ಓದಿದೆ. ಕಿರುಚಿದ್ದನ್ನೂ ಓದಿದೆ. ಬೈಯುತ್ತಾರೆ ಎಂದುಕೊಂಡೆ. 'ಆ ಪೆಟ್ಟಿಗೆಯ ಕೊಂಡೋಪಲೆ ಎಡಿಗಾದರೆ ಎನ್ನ ಕೊಂಡೋಪಲೆ ಎಡಿಯದೋ? ಎನ್ನತ್ರೆ ಆರಾದರೂ ಕೇಳಿದ್ದವೋ?' ಎಂದರು. ಹೌದಲ್ಲ, ಪೆಟ್ಟಿಗೆಯನ್ನು ಒಯ್ಯಲಿಕ್ಕೆ ಆಗುವುದಾದರೆ ಅವರನ್ನು ಯಾಕೆ ಒಯ್ಯಲಿಕ್ಕೆ ಆಗಬಾರದು? ಯಾರೂ ಕೇಳಿರಲಿಲ್ಲ. ನೀವು ಕೇಳಲಿಲ್ಲ, ಪಕ್ಕದಲ್ಲೇ ಇದ್ದ ನಾನೂ ಕೇಳಲಿಲ್ಲ. ಈಗ ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿದೆ. ಅಲ್ಲಾಡಿಸಬೇಡಿ ಎಂದು ಅವರು ಹೇಳಿದ್ದು ಆಪರೇಷನ್ ಆದ ಮೊದಲ ಮೂರು ತಿಂಗಳಿಗೆ ಮಾತ್ರವಂತೆ. ಆಮೇಲೆ ನಾವು ಯಾರೂ ವಿಚಾರಿಸಲೇ ಇಲ್ಲವಲ್ಲ ಎಂದು ಅವರಿಗೇ ಆಶ್ಚರ್ಯ. ಮಲಗಿಸಿಕೊಂಡು, ನಡುನಡುವೆ ನಿಲ್ಲಿಸಿಕೊಂಡು ಧಾರಾಳ ಹೋಗಬಹುದಂತೆ. ಮೇರಿ ಚೇಚಿ ಅವರ ಇಗರ್ಜಿಯ ಆಂಬುಲೆನ್ಸ್ ಗೊತ್ತು ಮಾಡಿದ್ದಾರೆ, ಅವರ ಮನೆಯ ಗಂಡಸರು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ. ಶನಿವಾರ ಬೆಳಕು ಹರಿಯುವಾಗ ಹೊರಡುತ್ತೇವೆ, ಅತ್ತೆ, ನಾನು, ಚೈತನ್ಯಾ, ಕಾಲಿನ ಹತ್ತಿರ ಬಲೆ ಕಟ್ಟಿದ ಪೆಟ್ಟಿಗೆ. ಮೊಟ್ಟೆಯ ಎರಿಯನ್ನು ಅಲ್ಲೇ ಕೊಟ್ಟರಾಯಿತು. ಫೋನು ಮಾಡಿ ಬೇಡವೆನ್ನಬೇಡಿ, ಫೋನು ಅತ್ತೆಯ ತಲೆದೆಸೆಯಲ್ಲಿದೆ, ಅವರೇ ಎತ್ತುತ್ತಾರೆ. ಸೋರುವ ಕಡೆಗೆ ಬಕೆಟು ಇಡಿ. ಡ್ರಾಯರಿನಲ್ಲಿರುವ ಗೇಟು ಅಲ್ಲೇ ಇರಲಿ. ಕೆಳಗಿನ ಸಾಲು ಅತ್ತೆಯದ್ದು, ಮಲಗಿಕೊಂಡೇ ಬರೆದದ್ದು, ನಿಧಾನವಾಗಿ ಓದಿ.

ಚಿ. ಸುದರ್ಶನನಿಗೆ ಆಶೀರ್ವಾದ. ನನ್ನ ಮಂಚವನ್ನು ಅಂಗಳದ ಕಡೆಯ ಕಿಟಕಿಗೆ ತಾಗಿಸಿ ಹಾಕು. ಪೆಟ್ಟಿಗೆಯ ಬಾಗಿಲು ಕಾಣಬೇಕು.
ಅಮ್ಮ